ಕುಪ್ಪಗಡ್ಡೆಯಲ್ಲಿ ಆಡೋಕೆ ಏನಿದೆ ಮಾಮ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಗದ್ದೆ ಕೊಯ್ಲು, ಅಡಿಕೆ ಸುಲಿತ, ಕರೆಂಟಿನ ಕಾಟ ಅಂತ ನೆಪಗಳಿಗೇನೂ ಬರ ಇಲ್ಲ. ಈ ಸಲ ಬರೆಯೋಕೆ ಕೂರಿಸಿದ್ದು ಅಕ್ಕನ ಮಗ ಕೇಳಿದ ಒಂದು ಪ್ರಶ್ನೆ.

ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ, ಏಳನೇ ಕ್ಲಾಸಿನ ಹುಡುಗ. ಬಂದ ಮಾರನೇ ದಿನವೇ ತಿಂಡಿ ತಿನ್ನುತ್ತಾ ಕೇಳಿದ: "ಮಾಮ, ಇಲ್ಲಿ ಔಟ್‌ಡೋರ್ ಆಕ್ಟಿವಿಟಿ ಏನೇನಿದೆ?" ಹೋದ ವರ್ಷ ಶಾಲೆಯವರು ಯಾವುದೋ ಗುಡ್ಡದ ಮೇಲಿನ ರೆಸಾರ್ಟಿಗೆ ಕರ್ಕೊಂಡು ಹೋಗಿದ್ದರಂತೆ. ಹಗ್ಗದ ಮೇಲೆ ನಡೆದಿದ್ದಕ್ಕೆ, ತಂತಿಗೆ ಜೋತುಬಿದ್ದು ಹಳ್ಳ ದಾಟಿದ್ದಕ್ಕೆ ಸರ್ಟಿಫಿಕೇಟು ಬೇರೆ ಕೊಟ್ಟಿದ್ದರಂತೆ. ಇಲ್ಲಿ ಕೆರೆ ಇದೆ, ಗದ್ದೆ ಇದೆ, ಕಾನು ಇದೆ ಅಂದೆ. "ಅವೆಲ್ಲ ಪ್ಲೇಸು ಮಾಮ, ಆಕ್ಟಿವಿಟಿ ಅಲ್ಲ" ಅಂದ. ಒಲೆ ಮುಂದೆ ದೋಸೆ ಹುಯ್ಯುತ್ತಿದ್ದ ಅಮ್ಮ ಕಿಸಕ್ಕನೆ ನಕ್ಕರು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದಿದ್ದನ್ನ ಇಲ್ಲಿ ಬರೀತಿದ್ದೀನಿ.

ಕುಪ್ಪಗಡ್ಡೆ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ: ಶಿವಮೊಗ್ಗ ಜಿಲ್ಲೆ, ಸೊರಬ ತಾಲೂಕು, ಒಂದು ಹೋಬಳಿ ಊರು. ಇತ್ತ ಸೊರಬ, ಅತ್ತ ಬನವಾಸಿ. ಮಲೆನಾಡು ಅಂತಾರೆ, ಆದರೆ ಆಗುಂಬೆ ಥರದ ಮಲೆನಾಡಲ್ಲ. ಅರೆಮಲೆನಾಡು. ದಿಬ್ಬಗಳು, ನಡುವೆ ಗದ್ದೆ ಬಯಲು, ಬಯಲಿನ ತಲೆಗೊಂದು ಕೆರೆ. ಹತ್ತಿರದಲ್ಲಿ ನಿಜವಾದ ಗುಡ್ಡ ಅಂತ ನಾವು ಒಪ್ಪೋದು ಚಂದ್ರಗುತ್ತಿಯನ್ನ ಮಾತ್ರ. ಬನವಾಸಿ ಅಂದ ಕೂಡಲೇ ಎಲ್ಲರೂ ಪಂಪನ ಅದೊಂದು ಸಾಲು ಬರೆದುಬಿಡ್ತಾರೆ. ನಾನು ಬರೆಯಲ್ಲ, ನಿಮಗೆಲ್ಲ ಬಾಯಿಪಾಠ ಇದ್ದೇ ಇರುತ್ತೆ :)

ನಮ್ಮ ತಾಲೂಕಿನ ಹೆಸರು, ಪಕ್ಕದ ತಾಲೂಕಿನ ಹೆಸರು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸೊರಬ ಅಂದರೆ ಸುರಭಿಪುರ. ದಂಡಾವತಿ ದಂಡೆಯಲ್ಲಿ ಹಸು ತಾನಾಗಿ ಹಾಲು ಸುರಿಸಿದ ಜಾಗ ಅಂತ ರಂಗನಾಥ ದೇವಸ್ಥಾನದ ಕತೆ. ಶಿಕಾರಿಪುರದ್ದು ಬೇರೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದುಕೊಂಡಿರೋ ಪ್ರಕಾರ ಆ ಊರಿನ ಮೊದಲ ಹೆಸರು ಮಲಿಯನಹಳ್ಳಿ, ಕೆಳದಿಯವರ ಕೈಗೆ ಬಂದಾಗ ಮಹಾದಾನಪುರ. ಹೈದರನೋ ಟಿಪ್ಪುವೋ ಅಲ್ಲಿ ಬೇಟೆಗೆ ಬಂದಾಗ ಹೇರಳವಾಗಿ ಪ್ರಾಣಿಗಳು ಸಿಕ್ಕವು, ಹಾಗಾಗಿ ಶಿಕಾರಿಪುರ ಆಯಿತಂತೆ. ಶಿವನ ಹೆಸರಿನಿಂದ ಬಂದಿದ್ದು ಅನ್ನೋರೂ ಇದ್ದಾರೆ, ಆ ಜಗಳ ನನಗೆ ಬೇಡ. ನನಗೆ ಖುಷಿ ಕೊಟ್ಟಿದ್ದು ಇಷ್ಟು: ಒಂದು ಊರಿನ ಹೆಸರಲ್ಲಿ ಬೇಟೆ, ಇನ್ನೊಂದರ ಹೆಸರಲ್ಲಿ ದನ. ನಮ್ಮ ಕಡೆಯ ಮನೆ ಹೊರಗಿನ ಆಟಗಳೆಲ್ಲ ಇವೆರಡರ ನಡುವೆಯೇ ಬಂದುಹೋಗುತ್ತವೆ.

ಆಟದ ಇತಿಹಾಸ ಹುಡುಕೋಕೆ ಹೊರಟರೆ ನಮಗೊಂದು ಅದೃಷ್ಟ ಇದೆ. ಈ ಸೀಮೆ ಬನವಾಸಿ ಹನ್ನೆರಡು ಸಾವಿರದ ಒಳಗಿನ ನಾಗರಖಂಡ ಎಪ್ಪತ್ತು. ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಆ ವಂಶದ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಂತ ಒಂದು ಪುಸ್ತಕ ಬರೆಸಿದ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಅದರಲ್ಲಿ ಅರಮನೆಯ ವಿನೋದಗಳಿಗೇ ದೊಡ್ಡ ಪಾಲು. ಆನೆ, ಕುದುರೆ, ಮಲ್ಲಯುದ್ಧ, ಟಗರು ಕಾಳಗ, ಕೋಣನ ಕಾಳಗ, ಕೋಳಿ ಅಂಕ, ಲಾವುಗೆ ಹಕ್ಕಿ ಕಾಳಗ, ಪಾರಿವಾಳ, ಬೇಟೆನಾಯಿ, ಜಿಂಕೆ ಬೇಟೆ, ಮೀನು ಹಿಡಿಯೋದು... ಮೀನಿನ ಅಧ್ಯಾಯವಂತೂ ಗಾಳ ಹಾಕೋರಿಗೆ ಬರೆದ ಕೈಪಿಡಿ ಥರ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಯಾವುದಕ್ಕೆ ಎಂಥ ತಿನಿಸು ಹಾಕಬೇಕು ಅನ್ನೋದರ ಸಮೇತ. ಹೆಚ್ಚುಕಡಿಮೆ ಒಂಬೈನೂರು ವರ್ಷದ ಹಿಂದೆ ಒಬ್ಬ ದೊರೆಗೆ ಇದನ್ನೆಲ್ಲ ಕೂತು ಪಟ್ಟಿ ಮಾಡಿಸೋಷ್ಟು ಆಸೆ ಇತ್ತಲ್ಲ!

ಆದರೆ ಅದು ದೊರೆಯ ಪಟ್ಟಿ. ಊರವರ ಪಟ್ಟಿ ಯಾರೂ ಬರೆಸಲಿಲ್ಲ. ಅದನ್ನ ಕೆರೆ ಏರಿ ಮೇಲೆ ಹುಡುಕಬೇಕು.

ಕೆರೆಯಿಂದಲೇ ಶುರು ಮಾಡ್ತೀನಿ. ನಮ್ಮಲ್ಲಿ ಬೇಸಿಗೆ ಕೊನೆಗೆ ನೀರು ಮೊಳಕಾಲಿಗೋ ಸೊಂಟಕ್ಕೋ ಇಳಿದಾಗ 'ಕೆರೆ ಬೇಟೆ' ಆಗುತ್ತೆ. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂದ ಮೇಲೆ ಹೊರಗಿನವರಿಗೂ ಒಂದಿಷ್ಟು ಗೊತ್ತಾಗಿದೆ. ಇಂಥ ದಿನ ಇಂಥ ಕೆರೆ ಅಂತ ಸುದ್ದಿ ಹೊರಡುತ್ತೆ. ಮೊದಲು ಡಂಗುರ, ಆಮೇಲೆ ಸಂತೆಯಲ್ಲಿ ಬಾಯಿಂದ ಬಾಯಿಗೆ, ಈಗ ವಾಟ್ಸಾಪು. ಬಂದವರು ತಲೆಗಿಷ್ಟು ಅಂತ ದುಡ್ಡು ಕಟ್ಟಬೇಕು, ಅದು ಊರ ದೇವಸ್ಥಾನಕ್ಕೆ ಅಥವಾ ಕೆರೆ ಕೆಲಸಕ್ಕೆ. ಕೈಯಲ್ಲಿ ಕೂಣಿ. ಬಿದಿರ ಕಡ್ಡಿಗಳನ್ನ ಸುತ್ತ ಹೆಣೆದು ಮಾಡಿದ, ತಳ ಇಲ್ಲದ ಬುಟ್ಟಿ ಅನ್ನಿ. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಏರಿ ಸುತ್ತ ನೂರಾರು ಜನ ಕೂಣಿ ಹಿಡಿದು ನಿಂತಿರುತ್ತಾರೆ, ಒಬ್ಬರೂ ನೀರಿಗೆ ಕಾಲಿಡೋ ಹಾಗಿಲ್ಲ. ಸೂಚನೆ ಕೊಟ್ಟ ಕೂಡಲೇ ಹೋ ಅಂತ ಎಲ್ಲರೂ ಒಟ್ಟಿಗೆ ಇಳೀತಾರೆ. ಕೂಣಿಯನ್ನ ಕೆಸರಿಗೆ ಒತ್ತೋದು, ಒಳಗೆ ಬಡಿದಾಡಿದರೆ ಮೇಲಿಂದ ಕೈ ಹಾಕಿ ಹಿಡಿಯೋದು, ಸೊಂಟಕ್ಕೆ ಕಟ್ಟಿದ ಚೀಲಕ್ಕೆ ಹಾಕೋದು, ಮತ್ತೆ ಒತ್ತೋದು. ಹೊತ್ತು ಮುಗೀತು ಅಂದರೆ ಮುಗೀತು.

ನಾನು ಮೊದಲ ಸಲ ಇಳಿದಾಗ ಹತ್ತು ವರ್ಷ. ಕೂಣಿಯೊಳಗೆ ಏನೋ ಜಾರಿತು, ಹಾವು ಅಂದುಕೊಂಡು ಕಿರುಚಿ ಕೂಣಿ ಬಿಟ್ಟು ಓಡಿದೆ. ಅದು ಮುರುಗೋಡು ಮೀನು ಇರಬೇಕು ಅಂತ ಈಗಲೂ ಮನೆಯಲ್ಲಿ ನಗ್ತಾರೆ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ದಿನ ಕೆರೆಗೆ ಇಳಿದ ನೂರಾರು ಜೋಡಿ ಕಾಲು ತಳದ ಗೋಡನ್ನೆಲ್ಲ ಕಲಕಿಬಿಡುತ್ತೆ. ನೀರು ಬತ್ತಿದ ಮೇಲೆ ಗಾಡಿ ಕಟ್ಟಿ ಅದೇ ಗೋಡನ್ನ ಗದ್ದೆಗೆ ಹೊಡೀತಿದ್ದರು. ಮಳೆ ಬರೋ ಹೊತ್ತಿಗೆ ಕೆರೆ ತುಂಬೋಕೆ ಜಾಗ ಆಗ್ತಿತ್ತು. ಮೀನು ಹಿಡಿಯೋದು ಆ ಕೆಲಸದ ಮೊದಲನೇ ದಿನದ ಮಜಾ, ಅಷ್ಟೇ. ಈಗ ಗೋಡು ಹೊಡೆಯೋರು ಕಡಿಮೆ, ಗೊಬ್ಬರ ಚೀಲದಲ್ಲಿ ಬರುತ್ತೆ. ಎಷ್ಟೋ ಕೆರೆಗಳ ಮೀನು ಹರಾಜಾಗುತ್ತೆ, ಗುತ್ತಿಗೆ ಹಿಡಿದವನು ಬಲೆ ಹಾಕ್ತಾನೆ. ಬೇಟೆ ನಡೆಯೋ ಕೆರೆಗಳಲ್ಲಿ ಜನ ಜಾಸ್ತಿ, ಮೀನು ಕಡಿಮೆ. ದುಡ್ಡು ಕಟ್ಟಿ ಬರಿಗೈಯಲ್ಲಿ ಏರಿ ಹತ್ತಿದವರು ಸುಮ್ಮನಿರ್ತಾರಾ? ಮಾತಿಗೆ ಮಾತು ಬೆಳೆದು ಕಲ್ಲು ತೂರಿದ್ದನ್ನ ನಾನೇ ಕಂಡಿದ್ದೀನಿ.

ಭೂಮಿ ಹುಣ್ಣಿಮೆ ಹಾಗಲ್ಲ, ಅದು ಇನ್ನೂ ತಣ್ಣಗಿದೆ. ದಸರಾ ಮುಗಿದ ಮೇಲಿನ ಹುಣ್ಣಿಮೆ, ಗದ್ದೆ ತೆನೆ ಕಟ್ಟೋ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ. ರಾತ್ರಿಯೆಲ್ಲ ಅಡುಗೆ. ದೀವರ ಮನೆಗಳ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೀತಾರೆ, ಅದೇ ಭೂಮಣ್ಣಿ ಬುಟ್ಟಿ. ಬೆಳಕು ಹರಿಯೋ ಮೊದಲು ಅದನ್ನ ಹೊತ್ತು ಗದ್ದೆಗೆ ಹೋಗಿ, ಸಸಿಗೆ ಪೂಜೆ ಮಾಡಿ, ಸುತ್ತ ಚರಗ ಚೆಲ್ಲಿ, ಅಲ್ಲೇ ಕೂತು ಊಟ. ಹುಡುಗ ಈ ಸಲ ಇದ್ದ. ಪಿಕ್‌ನಿಕ್ ಅಂತ ಬಂದವನು ಇಲಿಗೂ ಕಾಗೆಗೂ ಎಡೆ ಇಟ್ಟಿದ್ದು ನೋಡಿ ಏನೂ ಕೇಳದೆ ಕೂತ. ಇದು ಆಕ್ಟಿವಿಟಿಯಾ ಪ್ಲೇಸಾ ಅಂತ ಕೇಳೋಣ ಅಂದುಕೊಂಡೆ, ಬಿಟ್ಟೆ.

ಮುಂದಿನ ದಿನಗಳಲ್ಲಿ ಅವನನ್ನ ಗುಡವಿಗೂ ಚಂದ್ರಗುತ್ತಿಗೂ ಕರ್ಕೊಂಡು ಹೋದೆ. ಗುಡವಿ ಕೆರೆ ಪಕ್ಷಿಧಾಮ ಆಗಿದ್ದು 1989ರಲ್ಲಿ. ಪೂರಾ ಅಳತೆ ಒಂದು ಚದರ ಕಿಲೋಮೀಟರಿಗೂ ಕಡಿಮೆ. ಜೂನ್ ಹೊತ್ತಿಗೆ ಶುರುವಾಗಿ ಡಿಸೆಂಬರ್ ತನಕ ನೀರೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಇರುಳು ಬಕ, ಹಾವಕ್ಕಿ ಎಲ್ಲ ಗೂಡು ಕಟ್ಟುತ್ತವೆ. ಬೇಟೆಯ ಹೆಸರು ಹೊತ್ತ ಸೀಮೆಯಲ್ಲಿ ಹಕ್ಕಿಗೆ ಕೋವಿ ಎತ್ತದೆ ಸುಮ್ಮನೆ ನೋಡೋದೂ ಒಂದು ಕಾಲಕ್ಷೇಪ ಆಗಿದ್ದು ಇತ್ತೀಚೆಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಎಷ್ಟೋ ವರ್ಷ ಕಾನಿನಲ್ಲಿ ರಾತ್ರಿ ಈಡು ಹೊಡೆದ ಸದ್ದು ಕೇಳ್ತಿತ್ತು ಅಂತ ನಮ್ಮ ಕಡೆ ಯಾರನ್ನ ಕೇಳಿದರೂ ಹೇಳ್ತಾರೆ. ಕಾನು ಅಂದೆನಲ್ಲ, ಅದರ ಕತೆ ಇನ್ನೊಂದು ದಿನ ಬರೀಬೇಕು. ಸೊರಬದ ಕಾನುಗಳ ಬಗ್ಗೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಇಬ್ಬರು 1868ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದ್ದಾರೆ.

ಚಂದ್ರಗುತ್ತಿಗೆ ಈಗ ಬೆಂಗಳೂರಿನ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಟ್ರೆಕ್ಕಿಂಗ್ ಬರ್ತಾರೆ. ಮೇಲೆ ಹಾಳು ಕೋಟೆ, ಕಡಿದಾದ ಬಂಡೆ, ನೀರಿನ ಹೊಂಡ. ವಿಜಯನಗರದವರು, ಕೆಳದಿಯವರು ಎಲ್ಲ ಕಾದುಕೊಂಡಿದ್ದ ಜಾಗ. ನಮಗೆ ಅದು ಗುಹೆಯೊಳಗಿನ ರೇಣುಕಾಂಬೆಯ ಜಾತ್ರೆ. ಆ ಜಾತ್ರೆಗೆ ಒಂದು ಕಹಿ ನೆನಪೂ ಇದೆ. ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ದೇವಿಯ ಹತ್ತಿರ ಬರುವ ಸೇವೆಯನ್ನ ತಡೆಯೋಕೆ 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯವರು, ವಿಚಾರವಾದಿಗಳು ಹೋದಾಗ ಅವರನ್ನೂ ಪೊಲೀಸರನ್ನೂ ಹೊಡೆದು ಅವಮಾನ ಮಾಡಿದರು. ಆಮೇಲೆ ಸರ್ಕಾರ ಆ ಸೇವೆಯನ್ನ ನಿಷೇಧಿಸಿತು. ಹುಡುಗನಿಗೆ ಇದನ್ನ ಹೇಳಲಿಲ್ಲ. ಅವನು ಬಂಡೆ ಹತ್ತಿ ಫೋಟೋ ತೆಗೆಸಿಕೊಂಡ, ಇದಕ್ಕೆ ಹತ್ತಕ್ಕೆ ಎಂಟು ಮಾರ್ಕ್ಸು ಅಂದ.

ರಜೆ ಮುಗಿಸಿ ಹೊರಡೋ ದಿನ ಅವನು ಕೇಳಿದ ಮಾತಿನಿಂದ ನನಗೆ ನಿಜವಾದ ಕಷ್ಟ ಶುರುವಾಯ್ತು. "ದೀಪಾವಳಿಗೆ ಮತ್ತೆ ಬರ್ತೀನಿ. ಹೋರಿ ಹಬ್ಬ ತೋರಿಸ್ತೀಯಾ ಮಾಮ?" ಯೂಟ್ಯೂಬಿನಲ್ಲಿ ನೋಡಿದ್ದನಂತೆ. ಅಕ್ಕ ಬಸ್ ಹತ್ತೋ ಮೊದಲು ನನ್ನ ಪಕ್ಕಕ್ಕೆ ಕರೆದು, "ಅಲ್ಲಿಗೆ ಮಾತ್ರ ಕರ್ಕೊಂಡು ಹೋಗಬೇಡ ಕಣೋ, ಮಾವನ್ನ ನೋಡಿದ್ದೀಯಲ್ಲ" ಅಂದಳು.

ಹೋರಿ ಹಬ್ಬ ಅಂದರೆ ನಮ್ಮ ಸೊರಬ, ಶಿಕಾರಿಪುರ, ಆ ಕಡೆ ಹಾನಗಲ್, ಹಿರೇಕೆರೂರು, ಹಾವೇರಿ ಸೀಮೆಯಲ್ಲಿ ದೀಪಾವಳಿಗೆ ಶುರುವಾಗೋ ಹೋರಿ ಬೆದರಿಸೋ ಆಟ. ಹೋರಿಗೆ ಜೂಲ, ಗೆಜ್ಜೆ, ಕೊಂಬಿಗೆ ಅಲಂಕಾರ, ಕೊರಳಿಗೆ ಒಣ ಕೊಬ್ಬರಿ ಸರ. ಬಲೂನು ಕಟ್ಟಿದ ಎತ್ತರದ ಅಲಂಕಾರ ಹೊತ್ತಿದ್ದು ಪೀಪಿ ಹೋರಿ. ಎರಡೂ ಕಡೆ ಜನ ನಿಂತ ಓಣಿಯಲ್ಲಿ ಒಂದೊಂದೇ ಹೋರಿಯನ್ನ ಬೆದರಿಸಿ ಬಿಡ್ತಾರೆ. ಹಿಡಿಯೋರು ಅದರ ಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು. ಕೀಳೋಕೆ ಕೊಡದೆ ಓಡಿದ ಹೋರಿ ಗೆದ್ದ ಹಾಗೆ.

ಇದು ಹಳೇ ಕಾಲದ ತುರುಗೋಳಿನ ಅಭ್ಯಾಸ ಅಂತ ಮೈಕಿನಲ್ಲಿ ಪ್ರತಿ ವರ್ಷ ಹೇಳ್ತಾರೆ. ತುರುಗೋಳ್ ಅಂದರೆ ದನ ಹೊಡ್ಕೊಂಡು ಹೋಗೋ ದಾಳಿ. ರೈಸ್ 1904ರಲ್ಲಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟದಲ್ಲಿ ಸೊರಬ ತಾಲೂಕೊಂದರದ್ದೇ ಐನೂರಕ್ಕೂ ಹೆಚ್ಚು ಶಾಸನಗಳಿವೆ, ಅವುಗಳಲ್ಲಿ ವೀರಗಲ್ಲುಗಳ ಬರಹ ಹೇರಳ. ಕೆರೆ ಏರಿ, ದೇವಸ್ಥಾನದ ಅಂಗಳ, ಗದ್ದೆ ಬದು, ಎಲ್ಲಿ ನೋಡಿದರೂ ನಿಂತಿವೆ. ಕೆಳಗಿನ ಹಂತದಲ್ಲಿ ಕಾದಾಟ, ಪಕ್ಕದಲ್ಲಿ ಸಾಲಾಗಿ ದನ. ನಡುವೆ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗ್ತಿರೋದು. ಮೇಲೆ ಲಿಂಗದ ಮುಂದೆ ಅವನು, ತಲೆ ಮೇಲೆ ಸೂರ್ಯ ಚಂದ್ರ. ಬೇಟೆಯಲ್ಲಿ ಸತ್ತವರಿಗೂ ಕಲ್ಲು ನಿಲ್ಲಿಸ್ತಿದ್ದರು. ಮಂಡ್ಯ ಕಡೆಯ ಆತಕೂರಿನಲ್ಲಂತೂ ಹತ್ತನೇ ಶತಮಾನದಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೇ ಕಲ್ಲು ಹಾಕಿಸಿದ್ದಾರೆ. ಹಾಗಾಗಿ ದನದ ಜೊತೆ ಓಡೋದು, ಬೆದರಿದ ದನವನ್ನ ತಡೆಯೋದು ಆಗಿನ ಹುಡುಗರಿಗೆ ಬರಲೇಬೇಕಾದ ವಿದ್ಯೆ ಅನ್ನೋದರಲ್ಲಿ ಅನುಮಾನ ಇಲ್ಲ. ಆ ವಿದ್ಯೆಯೇ ಈ ಹಬ್ಬ ಆಯ್ತು ಅಂತ ಯಾವ ಕಲ್ಲೂ ನನಗೆ ಹೇಳಿಲ್ಲ. ಮೈಕಿನವರಿಗೆ ಇರೋಷ್ಟು ಧೈರ್ಯ ನನಗಿಲ್ಲ.

ನಮ್ಮ ಅಜ್ಜನ ಕಾಲದ ಹಬ್ಬದ ವಿವರ ಅಜ್ಜಿ ಹೇಳ್ತಿದ್ದಳು. ಪಾಡ್ಯದ ದಿನ ಊರಿನ ದನಗಳಷ್ಟೇ. ಹೋರಿ ಅಂದರೆ ಮಾರನೇ ದಿನ ಗಾಡಿಗೆ ಕಟ್ಟಬೇಕಾದ ಹೋರಿ. ಹಿಡಿಯೋ ಹುಡುಗರಿಗೆ ಹೋರಿಯ ಗುರುತಿತ್ತು, ಹೋರಿಗೆ ಅವರ ಗುರುತಿತ್ತು. ಕೊಬ್ಬರಿ ಹೋದರೆ ಆ ಮನೆಗೆ ನಾಲ್ಕು ದಿನ ನಾಚಿಕೆ, ಅಷ್ಟರಲ್ಲಿ ಕೊಯ್ಲು ಬರ್ತಿತ್ತು, ಮರೀತಿದ್ದರು. ಬಹುಮಾನ ಇರಲಿಲ್ಲ.

ಆಮೇಲೆ ಟಿಲ್ಲರು ಬಂತು, ಟ್ರ್ಯಾಕ್ಟರು ಬಂತು, ಕೊಟ್ಟಿಗೆಯಿಂದ ಎತ್ತು ಹೋಯ್ತು. ಎತ್ತು ಹೋದರೆ ಹೋರಿ ಹಬ್ಬವೂ ಹೋಗಬೇಕಿತ್ತಲ್ಲ? ಆಗಿದ್ದು ತಿರುಗಾಮುರುಗಾ. ಉಳುಮೆ ಗೊತ್ತಿಲ್ಲದ, ಹಬ್ಬಕ್ಕೆಂದೇ ಸಾಕಿದ ಹೋರಿಗಳು ಬಂದವು. ಹುರುಳಿ, ಹತ್ತಿಕಾಳು, ಮೊಟ್ಟೆ ತಿನ್ನಿಸಿ, ಕೆರೆಯಲ್ಲಿ ಈಜಿಸಿ ತಯಾರು ಮಾಡಿದ ಹೋರಿಗಳು. ದೂರದೂರಿನಿಂದ ಲಾರಿಯಲ್ಲಿ ಬರ್ತವೆ, ಅವಕ್ಕೊಂದು ಹೆಸರು, ಫ್ಲೆಕ್ಸು, ಅಭಿಮಾನಿಗಳು. ಬಹುಮಾನಕ್ಕೆ ಬೈಕು, ಬಂಗಾರ. ಕೆರೆ ಬೇಟೆಯದ್ದೂ ಇದೇ ಕತೆ ಅಲ್ಲವಾ? ನಮ್ಮಲ್ಲಿ ಆಟ ಅನ್ನೋದು ಕೆಲಸದ ಅಂಚಿಗೆ ಹೊಲಿದ ಬಾರ್ಡರ್ ಥರ ಇತ್ತು. ಸೀರೆ ಹರಿದುಹೋಗಿ ಬಾರ್ಡರ್ ಮಾತ್ರ ಉಳೀತು, ಅದನ್ನೇ ಜನ ಜಗ್ಗಾಡ್ತಿದ್ದಾರೆ.

ಕೋರ್ಟಿಗೂ ಇದು ಹೋಗಿ ಬಂತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನ ನಿಲ್ಲಿಸಿದಾಗ ನಮ್ಮ ಕಡೆಯೂ ಹೆದರಿಕೆ ಹುಟ್ಟಿತು. ಕಂಬಳದವರ ಹೋರಾಟದ ನಂತರ 2017ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಗಳು ಅದರೊಳಗೆ ಬಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಇದನ್ನೂ ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆ ಆಗುತ್ತಾ ಇಲ್ಲವಾ ಅನ್ನೋದೇ ಅಲ್ಲಿನ ವಾದ. ಮನುಷ್ಯರ ಮಾತು ಅಷ್ಟಾಗಿ ಬರಲಿಲ್ಲ. ನಮ್ಮ ಕಡೆ ಹೋರಿ ತಿವಿದು ಸತ್ತವರ ಸುದ್ದಿ ದೀಪಾವಳಿ ಆದ ಮೇಲೆ ಪೇಪರಿನಲ್ಲಿ ಬರುತ್ತೆ. ಗಮನ ಇಟ್ಟು ಓದಿ. ಸತ್ತವರಲ್ಲಿ ಹಿಡಿಯೋಕೆ ಹೋದವರಷ್ಟೇ ಅಲ್ಲ, ನೋಡೋಕೆ ಹೋದವರೂ ಇರ್ತಾರೆ.

ನಮ್ಮ ಸೋದರಮಾವ ನೋಡೋಕೆ ಹೋದವರು. 1998ರ ದೀಪಾವಳಿ, ಪಕ್ಕದೂರು. ಪಾಗಾರಕ್ಕೆ ಒರಗಿ ಬೀಡಿ ಸೇದುತ್ತಾ ನಿಂತಿದ್ದರಂತೆ. ಓಣಿ ಬಿಟ್ಟು ಜಿಗಿದ ಹೋರಿ ಅವರನ್ನ ಪಾಗಾರಕ್ಕೆ ಅದುಮಿತು. ತೊಡೆಯ ಮೂಳೆ ಎರಡು ತುಂಡು. ಆರು ತಿಂಗಳು ಹಾಸಿಗೆ. ಎದ್ದ ಮೇಲೂ ನೇಗಿಲ ಹಿಂದೆ ನಡೆಯೋಕೆ ಆಗಲಿಲ್ಲ, ಜೋಡೆತ್ತು ಮಾರಿ ಟಿಲ್ಲರು ತಂದರು. ಯಾರ ಹೋರಿ ಅಂತ ಗೊತ್ತು, ಯಾರ ಮೇಲೂ ಕಂಪ್ಲೇಂಟು ಕೊಡಲಿಲ್ಲ. ನೋಡೋಕೆ ಬಂದವರಲ್ಲಿ ಯಾರೋ ಸಮಾಧಾನಕ್ಕೆ, "ಹಿಂದಿನ ಕಾಲ ಆಗಿದ್ದಿದ್ರೆ ಕಲ್ಲು ನಿಲ್ಲಿಸ್ತಿದ್ರು" ಅಂದರು. ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ರೇಗಿ ಹೋಯ್ತು. "ಊರಿನ ದನ ಉಳಿಸಿ ಸತ್ತೋರಿಗೆ ಕಲ್ಲು ಹಾಕಿದ್ದು ಕಣೋ. ಕೊಬ್ಬರಿ ನೋಡೋಕೆ ಹೋದೋರಿಗಲ್ಲ" ಅಂದಳು. ಎಷ್ಟೋ ಜನ ವೀರಗಲ್ಲಿನ ಬಗ್ಗೆ ಬರೆದಿದ್ದನ್ನ ಓದಿದ್ದೀನಿ, ಅಜ್ಜಿಯ ಈ ಮಾತಿನಷ್ಟು ಸರಿಯಾದ್ದು ಕಂಡಿಲ್ಲ.

ಹುಡುಗ ಮಾತಿಗೆ ತಪ್ಪದೆ ದೀಪಾವಳಿಗೆ ಬಂದ. ಅಕ್ಕನಿಗೆ ಕೊಟ್ಟ ಮಾತಿನ ಪ್ರಕಾರ ಆಗಲ್ಲ ಅಂದುಬಿಟ್ಟೆ. ಅವನು ಊಟ ಬಿಟ್ಟು ಕೂತ. ಬಿಡಿಸಿದ್ದು ಮಾವ. ಕೋಲು ಊರಿಕೊಂಡು ಬಂದವರು, "ನಾನು ಕರ್ಕೊಂಡು ಹೋಗ್ತೀನಿ, ನಿಮ್ಮಮ್ಮನಿಗೆ ನಾನೇ ಹೇಳ್ತೀನಿ" ಅಂದರು. ಇಪ್ಪತ್ತೈದು ವರ್ಷದ ಮೇಲಾಯ್ತು, ಅವರು ಒಂದು ಹಬ್ಬವನ್ನೂ ತಪ್ಪಿಸಿಲ್ಲ ಅನ್ನೋದು ನಿಮಗೆ ಹೇಳಬೇಕು. ಓಣಿ ಪಕ್ಕದ ಪರಿಚಯದವರ ಮನೆ ತಾರಸಿ ಮೇಲೆ ಅವರದ್ದೊಂದು ಖಾಯಂ ಜಾಗ ಇದೆ.

ಮೂರು ಗಂಟೆ ಅಲ್ಲೇ ಕೂತಿದ್ದೆವು. ಕೆಳಗೆ ಧೂಳು, ಪಟಾಕಿ, ಮೈಕು. ಹೋರಿ ಬರೋದು ಕಣ್ಣಿಗೆ ಬೀಳೋ ಮೊದಲೇ ಜನ ಸೀಳಿಕೊಂಡು ದಾರಿ ಬಿಡೋದು ಕಾಣುತ್ತೆ. ಸುಳ್ಳು ಹೇಳಲ್ಲ, ನನಗೂ ಮೈ ಜುಮ್ಮಂತು. ಹುಡುಗ ಗೋಡೆ ಮೇಲಿಂದ ಬಗ್ಗಿದಾಗೆಲ್ಲ ಮಾವ ಅವನ ಅಂಗಿ ಹಿಡಿದು, "ಅಪ್ಪೀ, ಹಿಂದೆ ಸರಿ" ಅನ್ನೋರು. ಒಮ್ಮೆ ಅವನು ಕೇಳಿಯೇಬಿಟ್ಟ: "ಅಜ್ಜಾ, ನಿಮಗೆ ಆ ಹೋರಿ ಮೇಲೆ ಸಿಟ್ಟಿಲ್ವಾ?" ಮಾವ ನಕ್ಕರು. "ಅದಕ್ಕೂ ಹೆದರಿಕೆ ಆಗಿತ್ತಪ್ಪ" ಅಂದರು.

ಸಂಜೆ ಇಳಿಯೋ ಹೊತ್ತಿಗೆ ಕೆಳಗಿದ್ದ ಹುಡುಗನೊಬ್ಬ ಕಿತ್ತ ಸರದಿಂದ ಅರ್ಧ ಗಿಟುಕು ಮೇಲಕ್ಕೆ ಎಸೆದ. ನಮ್ಮ ಹುಡುಗ ಎರಡೂ ಕೈಯಲ್ಲಿ ಹಿಡಿದ. ಅದನ್ನ ಮೂರು ತುಂಡು ಮಾಡಿ ತಾನೊಂದು ತಿಂದ, ನನಗೊಂದು ಕೊಟ್ಟ, ಮಾವನಿಗೊಂದು ಕೊಟ್ಟ. ಮಾವ ಅದನ್ನ ತಿರುಗಿಸಿ ನೋಡಿದರು, ಧೂಳು ಒರೆಸಿದರು, ತಿನ್ನದೆ ಜೇಬಿಗೆ ಹಾಕಿಕೊಂಡರು. ಆಮೇಲೆ ಕೋಲು ನನ್ನ ಕೈಗೆ ಕೊಟ್ಟು, ಹುಡುಗನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು.